ಕ್ಯಾರಿನಾದ ಸಪೂರ ಗೆರೆ



ಕುಬ್ಜ ಗ್ಯಾಲಕ್ಸಿಗಳ ಕುರಿತ ಈ ವಿಚಾರ ಸಂಕಿರಣದ ಆಶಯವನ್ನು ಒಂದೇ ಒಂದು ಗ್ಯಾಲಕ್ಸಿಯ ಮೂಲಕ ಹೇಳಲು ಬಯಸುತ್ತೇನೆ. ಅಗಸ್ತ್ಯ ನಕ್ಷತ್ರವಿರುವ ಪುಂಜದ ದಿಕ್ಕಿನಲ್ಲೇ, ಸುಮಾರು 3.4 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿರುವ ಕ್ಯಾರಿನಾ ಅದು. ಪತ್ತೆಯಾದದ್ದು 1977ರಲ್ಲಿ, ಆಸ್ಟ್ರೇಲಿಯಾದಲ್ಲಿದ್ದ ಬ್ರಿಟನ್ನಿನ ಶ್ಮಿಟ್ ದೂರದರ್ಶಕದಿಂದ.

ಅದರ ಕೆಂಪು ದೈತ್ಯಗಳನ್ನು ಬಣ್ಣ-ಕಾಂತಿ ನಕ್ಷೆಯ ಮೇಲೆ ಗುರುತು ಹಾಕಿದರೆ ಸಪೂರವಾದ ಒಂದೇ ಗೆರೆ ಮೂಡುತ್ತದೆ. ಎಲ್ಲವೂ ಒಂದೇ ಕಾಲಕ್ಕೆ ಹುಟ್ಟಿದವು ಎಂದು ಯಾರಿಗಾದರೂ ಅನ್ನಿಸೀತು. ಆದರೆ ನಕ್ಷೆಯಲ್ಲಿ ಇನ್ನೂ ಕೆಳಗಿಳಿಯಬೇಕು, ಬರಿಗಣ್ಣಿಗೆ ಎಟುಕುವ ಅತಿ ಮಸುಕಾದ ತಾರೆಗಿಂತಲೂ ಕೋಟಿ ಪಟ್ಟು ಮಸುಕಾದ ತಾರೆಗಳವರೆಗೆ. ಒಡಲಿನ ಹೈಡ್ರೋಜನ್ ತೀರಿದ ನಕ್ಷತ್ರ ಮುಖ್ಯ ಶ್ರೇಣಿಯನ್ನು ಬಿಟ್ಟು ಹೊರಳುವ ತಿರುವು ಇರುವುದು ಅಲ್ಲಿ. 1990ರ ದಶಕದಲ್ಲಿ ಸ್ಮೆಕರ್-ಹೇನ್ ಮತ್ತು ಸಂಗಡಿಗರು ಅಷ್ಟು ಆಳಕ್ಕೆ ಹೋದಾಗ ಕಂಡದ್ದು ಒಂದು ತಿರುವಲ್ಲ, ಒಂದರ ಮೇಲೊಂದು ಹಲವು. 1,000 ಕೋಟಿ ವರ್ಷಕ್ಕೂ ಹಿಂದೆ ಒಂದು ತಲೆಮಾರು ಹುಟ್ಟಿತು. ಆಮೇಲೆ ನೂರಾರು ಕೋಟಿ ವರ್ಷ ಹುಟ್ಟು ಹೆಚ್ಚುಕಡಿಮೆ ನಿಂತೇಹೋಯಿತು. ನಂತರ ಮತ್ತೆ ಶುರುವಾಯಿತು. ಇಂದಿನ ಬಹುಪಾಲು ತಾರೆಗಳು ಆ ಎರಡನೆಯ ಸರದಿಯವು.

ಹಾಗಾದರೆ ಮೇಲಿನ ಗೆರೆ ಸಪೂರವಾಗಿದ್ದುದೇಕೆ? ವಯಸ್ಸು ಕಡಿಮೆಯಾದರೆ ದೈತ್ಯ ನೀಲಿಯತ್ತ ಸರಿಯುತ್ತದೆ. ಲೋಹಾಂಶ ಹೆಚ್ಚಾದರೆ ಕೆಂಪಿನತ್ತ. ಕಿರಿಯ ತಾರೆಗಳಲ್ಲಿ ಲೋಹಾಂಶ ಹೆಚ್ಚು. ಎರಡೂ ಒಂದನ್ನೊಂದು ವಜಾ ಮಾಡಿಕೊಂಡು ಇಡೀ ಚರಿತ್ರೆಯನ್ನೇ ಮುಚ್ಚಿಬಿಟ್ಟವು. ಆದ್ದರಿಂದಲೇ ದೈತ್ಯಗಳ ಬಣ್ಣವನ್ನಷ್ಟೇ ನೋಡಿ ಗ್ಯಾಲಕ್ಸಿಗೊಂದು ಸರಾಸರಿ ವಯಸ್ಸು ಕೊಡುವ ಪ್ರಬಂಧಗಳನ್ನು ನಾನು ಒಪ್ಪಲಾರೆ. ನೂರು ಗ್ಯಾಲಕ್ಸಿಗಳನ್ನು ಮೇಲುಮೇಲೆ ನೋಡುವುದಕ್ಕಿಂತ ಹತ್ತನ್ನು ಹಳೆಯ ತಿರುವಿನ ತನಕ ನೋಡುವುದು ಲೇಸು.

ಏಕೆಂದರೆ ಇವು ಒಂದರಂತೆ ಇನ್ನೊಂದಿಲ್ಲ. 26 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಒಂಟಿಯಾಗಿರುವ ಲಿಯೋ-ಎ ತನ್ನ ಶೇ. 90ಕ್ಕೂ ಹೆಚ್ಚು ತಾರೆಗಳನ್ನು ಹೆತ್ತದ್ದು ಕಳೆದ 800 ಕೋಟಿ ವರ್ಷಗಳಲ್ಲಿ. ಹಬಲ್ ಚಿತ್ರಗಳಿಂದ 2007ರಲ್ಲಿ ಇದು ತಿಳಿಯಿತು. ಅತಿ ಮಸುಕಾದ ಆರು ಕುಬ್ಜಗಳನ್ನು ಹಬಲ್‌ನಿಂದಲೇ ಪರಿಶೀಲಿಸಿದ 2014ರ ಅಧ್ಯಯನ ಇದಕ್ಕೆ ತದ್ವಿರುದ್ಧ: ಅಲ್ಲಿನ ಬಹುಪಾಲು ತಾರೆಗಳು ವಿಶ್ವದ ಮೊದಲ ನೂರು ಕೋಟಿ ವರ್ಷಗಳ ಆಸುಪಾಸಿನಲ್ಲೇ ಹುಟ್ಟಿ ಮುಗಿದಿದ್ದವು.

ಕ್ಯಾರಿನಾದಲ್ಲಿ ಇಂದು ಹೈಡ್ರೋಜನ್ ಅನಿಲ ಕಾಣಸಿಗುವುದಿಲ್ಲ. ಆ ದೀರ್ಘ ವಿರಾಮದಲ್ಲಿ ಅದು ಎಲ್ಲಿತ್ತು? ಸೂಪರ್‌ನೋವಾಗಳು ಹೊರದಬ್ಬಿದ್ದು ಮರಳಿ ಬಂದಿತೆ? ನಮ್ಮ ಕ್ಷೀರಪಥದ ಸೆಳೆತ ಅದನ್ನು ಕದಡಿತೆ? ಬರೀ ತಾರೆಗಳನ್ನು ಎಣಿಸುವವರಿಂದ ಉತ್ತರ ಬರಲಾರದು. ಪುಣೆ ಬಳಿಯ ಜಿಎಂಆರ್‌ಟಿಯಲ್ಲಿ ಕುಬ್ಜ ಗ್ಯಾಲಕ್ಸಿಗಳ ಅನಿಲವನ್ನು ಅಳೆದವರು, ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕದಲ್ಲಿ ಎಳೆಯ ತಾರೆಗಳನ್ನು ಹಿಡಿದವರು, ರೋಹಿತದಿಂದ ಲೋಹಾಂಶ ಅಳೆಯುವವರು, ಮೂವರೂ ಒಂದೇ ಗ್ಯಾಲಕ್ಸಿಯ ಮುಂದೆ ಒಟ್ಟಿಗೆ ಕೂರಬೇಕು. ಮಧ್ಯಾಹ್ನದ ಗೋಷ್ಠಿಯಲ್ಲಿ ದಯವಿಟ್ಟು ನಿಮ್ಮ ನಿಮ್ಮ ಗುಂಪು ಬಿಟ್ಟು ಬೇರೆಯವರ ಪಕ್ಕ ಕುಳಿತುಕೊಳ್ಳಿ. ನಿಮ್ಮ ದತ್ತಾಂಶವನ್ನೂ ಜೊತೆಗೆ ತನ್ನಿ.