ಉಗ್ರಾಣದ ಬಾಗಿಲಲ್ಲಿ ಕೂತವರ ಲೆಕ್ಕ

(ನಮ್ಮ ಸಂಘದ ಮಹಿಳಾ ವೇದಿಕೆಯ ವಾರ್ಷಿಕ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ)



"ನಿಮ್ಮ ಕೆಲಸದ ಬಗ್ಗೆ ಹದಿನೈದು ನಿಮಿಷ ಮಾತಾಡ್ರಿ" ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ನಾನು ಮೊದಲು ಬೇಡವೆಂದೆ. ಹೋದ ವರ್ಷ ಇದೇ ವೇದಿಕೆಯಲ್ಲಿ ಸಿರಿಧಾನ್ಯದ ಅಡುಗೆ, ಅದರ ಹಿಂದಿನ ವರ್ಷ ಉಯಿಲು ಬರೆಯುವ ಬಗ್ಗೆ ಒಳ್ಳೆಯ ಭಾಷಣಗಳಾಗಿದ್ದವು. ಅವುಗಳ ನಡುವೆ ನಾನು ಕರ್ನಲ್, ಡ್ರೈವರ್ ಎಂದರೆ ಯಾರು ಕೇಳುತ್ತಾರೆ? ಧಾರವಾಡ ಬಿಟ್ಟು ಪುಣೆಗೆ ಬಂದು 19 ವರ್ಷವಾಯಿತು. ಯಾರಾದರೂ ಕೆಲಸ ಏನೆಂದು ಕೇಳಿದರೆ "ಕಂಪ್ಯೂಟರ್ ಕೆಲಸ, ಹಿಂಜವಡಿಯಲ್ಲಿ" ಎಂದಷ್ಟೇ ಹೇಳಿ ಮುಗಿಸುತ್ತಿದ್ದೆ. ಆದರೆ ಕಾರ್ಯದರ್ಶಿಯವರು ಬಿಡಲಿಲ್ಲ. "ನಿಮ್ಮ ಅವ್ವಗ ಹೆಂಗ ಹೇಳ್ತೀರಿ, ಹಂಗ ಹೇಳ್ರಿ ಸಾಕು" ಎಂದರು. ಹಾಗೇ ಹೇಳುತ್ತೇನೆ.

ಕರ್ನಲ್ ಎಂದರೆ ಕಂಪ್ಯೂಟರಿನ ಒಳಗೆ ಎಲ್ಲಕ್ಕಿಂತ ತಳದಲ್ಲಿ ಕೂತು ಯಜಮಾನಿಕೆ ಮಾಡುವ ತಂತ್ರಾಂಶ. ಯಾವ ಪ್ರೋಗ್ರಾಮಿಗೆ ಎಷ್ಟು ಹೊತ್ತು, ಎಷ್ಟು ಜಾಗ ಎಂದು ಅದೇ ಹಂಚುತ್ತದೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಶುರು ಮಾಡಿದ ಲಿನಕ್ಸ್ ಕರ್ನಲ್ ಇಂದು ನಿಮ್ಮಲ್ಲಿ ಹಲವರ ಪರ್ಸಿನಲ್ಲೂ ಇದೆ. ಆಂಡ್ರಾಯ್ಡ್ ಫೋನ್ ಓಡುವುದು ಅದರ ಮೇಲೆಯೇ. ಅದನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಕಳಿಸಿದ್ದನ್ನು ಬೇರೆಯವರು ಓದಿ, ಪ್ರಶ್ನೆ ಕೇಳಿ, ಒಪ್ಪಿದ ಮೇಲೆ ಮಾತ್ರ ಒಳಗೆ ಸೇರುತ್ತದೆ. ಡ್ರೈವರ್ ಎಂದರೆ ಒಂದು ಯಂತ್ರಭಾಗದ ಭಾಷೆಯನ್ನು ಕರ್ನಲ್‌ಗೆ ತಿಳಿಯುವಂತೆ ಹೇಳುವ ದುಭಾಷಿ. ಇಂಥ ಡ್ರೈವರ್ ಓದಿ ತಪ್ಪು ಹುಡುಕುವುದು, ಅಂದರೆ ರಿವ್ಯೂ ಮಾಡುವುದು, ನನ್ನ ಕೆಲಸದ ದೊಡ್ಡ ಪಾಲು.

ಇಂದು ಹೇಳಲು ಹೊರಟಿರುವುದು ಅಂಥ ಒಂದೇ ಒಂದು ಡ್ರೈವರಿನ ಕಥೆ. ಸುಮಾರು 700 ಸಾಲಿನದು. ಮೆಮೊರಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಎಣಿಸುವ ಯಂತ್ರಭಾಗಕ್ಕೆ ಬರೆದದ್ದು.

ಮದುವೆ ಮನೆಯ ಅಡುಗೆ ನೆನಪಿಸಿಕೊಳ್ಳಿ. ಅಡುಗೆ ಭಟ್ಟರು ಎಂಟು ಜನ, ಕೈ ಬಲು ಚುರುಕು. ಆದರೆ ಅಕ್ಕಿ, ಬೇಳೆ, ಬೆಲ್ಲ, ತುಪ್ಪ ಎಲ್ಲ ಉಗ್ರಾಣದಲ್ಲಿ. ಉಗ್ರಾಣಕ್ಕೆ ಒಂದೇ ಬಾಗಿಲು. ಊಟ ತಡವಾದರೆ ನಾವು ಭಟ್ಟರನ್ನು ಬೈಯುತ್ತೇವೆ, "ಇನ್ನೂ ನಾಲ್ಕು ಜನರನ್ನು ಕರೆಸಿ" ಎನ್ನುತ್ತೇವೆ. ನಿಜವಾಗಿ ಅವರು ಕೈಕಟ್ಟಿ ಉಗ್ರಾಣದ ಬಾಗಿಲಲ್ಲಿ ಕಾಯುತ್ತಿರಬಹುದು. ಕಂಪ್ಯೂಟರಿನಲ್ಲೂ ಹೀಗೆಯೇ. ಪ್ರೊಸೆಸರ್ ಭಟ್ಟರು, ಮೆಮೊರಿ ಉಗ್ರಾಣ. ಯಾವುದು ನಿಧಾನ ಎಂದು ತಿಳಿಯದೆ ದುಡ್ಡು ಸುರಿದರೆ ವ್ಯರ್ಥ. ಅದಕ್ಕೇ ಚಿಪ್ ಮಾಡುವವರು ಉಗ್ರಾಣದ ಬಾಗಿಲಲ್ಲೊಬ್ಬ ಚಿಕ್ಕಮ್ಮನನ್ನು ಕೂರಿಸಿರುತ್ತಾರೆ. ಒಳಗಿಂದ ಎಷ್ಟು ಸಲ ಸಾಮಾನು ಹೊರಗೆ ಹೋಯಿತು, ಎಷ್ಟು ಸಲ ಒಳಗೆ ಬಂತು ಎಂದು ಎಣಿಸುವುದಷ್ಟೇ ಅವಳ ಕೆಲಸ. ಆ ಚಿಕ್ಕಮ್ಮನೇ ಕೌಂಟರ್. ಅವಳ ಲೆಕ್ಕವನ್ನು ನಮಗೆ ತಂದು ಹೇಳುವುದು ಡ್ರೈವರ್. ಲಿನಕ್ಸ್‌ನಲ್ಲಿ ಇಂಥ ಲೆಕ್ಕ ಕೇಳಲು 2009ರಿಂದ ಪರ್ಫ್ ಎಂಬ ಸಾಧನವಿದೆ.

ಈ ಡ್ರೈವರ್ ನನ್ನ ಕೈಗೆ ಬಂದಾಗ ಒಂದು ಹಳೆಯ ನೋವು ಮನಸ್ಸಿನಲ್ಲಿತ್ತು. ಅದನ್ನು ಹೇಳದಿದ್ದರೆ ಮುಂದಿನ ಮಾತು ಅರ್ಥವಾಗುವುದಿಲ್ಲ.

ಮಗ ಹುಟ್ಟಿದ ಮೇಲೆ ನಾನು ಏಳು ವರ್ಷ ಕೆಲಸ ಬಿಟ್ಟಿದ್ದೆ. ಮರಳಿ ಸೇರಿದ ಮೊದಲ ವರ್ಷ ಎಲ್ಲರಿಗಿಂತ ಹಿಂದಿದ್ದೇನೆ ಎಂಬ ಅಂಜಿಕೆ. ಒಂದು ದಿನ ಒಂದು ತಿದ್ದುಪಡಿ ಬಂತು. ಇಬ್ಬರು ಹಿರಿಯರು ಆಗಲೇ ಒಪ್ಪಿದ್ದರು. ನನಗೆ ಒಂದು ಭಾಗ ಅರ್ಥವಾಗಲಿಲ್ಲ. ಕೇಳಿದರೆ "ಇಷ್ಟೂ ಗೊತ್ತಿಲ್ಲವೇ" ಎಂದಾರು ಎಂದು ಸುಮ್ಮನೆ ನನ್ನ ಹೆಸರನ್ನೂ ಸೇರಿಸಿದೆ. ಮೂರು ತಿಂಗಳ ನಂತರ ಗೊತ್ತಾಯಿತು, ನನಗೆ ಅರ್ಥವಾಗದ ಆ ಭಾಗವೇ ತಪ್ಪು. ಅದು ಕೊಟ್ಟ ಸುಳ್ಳು ಅಂಕಿ ನಂಬಿ ಇನ್ನೊಂದು ತಂಡದವರು ಮೂರು ವಾರ ಇಲ್ಲದ ದೋಷ ಹುಡುಕಿದ್ದರು. ಯಾರೂ ನನ್ನನ್ನು ಬೈಯಲಿಲ್ಲ. ಆದರೆ ಆ ತಿದ್ದುಪಡಿಯ ಕೆಳಗೆ ನನ್ನ ಹೆಸರಿತ್ತು. ಅದು ಅಲ್ಲೇ ಇರುತ್ತದೆ, ಅಳಿಸಲು ಬರುವುದಿಲ್ಲ.

ಕರ್ನಲ್ ಲೋಕದಲ್ಲಿ ಓದಿ ಒಪ್ಪಿದವರು "ರಿವ್ಯೂಡ್-ಬೈ" ಎಂದು ಬರೆದು ಹೆಸರು ಹಾಕುತ್ತಾರೆ. ಅದು ಸೌಜನ್ಯದ ಮಾತಲ್ಲ. ಅದರ ಅರ್ಥವನ್ನು ಕರ್ನಲ್ ದಾಖಲೆಯಲ್ಲೇ ಬರೆದಿಟ್ಟಿದ್ದಾರೆ: ನಾನು ಇದನ್ನು ತಾಂತ್ರಿಕವಾಗಿ ಪರೀಕ್ಷಿಸಿದ್ದೇನೆ, ನನಗಿದ್ದ ಸಂದೇಹಗಳನ್ನು ಬರೆದವರಿಗೆ ತಿಳಿಸಿ ಅವರ ಉತ್ತರದಿಂದ ಸಮಾಧಾನ ಹೊಂದಿದ್ದೇನೆ, ಇದು ಕರ್ನಲ್‌ಗೆ ಸೇರಲು ಯೋಗ್ಯ ಎಂದು ನಂಬುತ್ತೇನೆ, ಆದರೆ ತಪ್ಪೇ ಇಲ್ಲವೆಂಬ ಖಾತರಿ ಕೊಡುವುದಿಲ್ಲ ಎಂದು. ಮನೆ ಬಾಡಿಗೆ ಕರಾರಿಗೆ ಸಾಕ್ಷಿ ಸಹಿ ಹಾಕಿದಂತೆ. ಓದದೆ ಹಾಕುವ ಸಹಿ ಸುಳ್ಳು ಸಾಕ್ಷಿ.

ಹಾಗಾಗಿ ಈ ಸಲ 700 ಸಾಲನ್ನೂ ಕಾಗದದ ಮೇಲೆ ಮುದ್ರಿಸಿಕೊಂಡು, ಪೆನ್ಸಿಲ್ ಹಿಡಿದು ಕೂತೆ.

ಮೊದಲು ನೋಡಿದ್ದು, ಈ ಡ್ರೈವರ್‌ಗೆ "ಆಗುವುದಿಲ್ಲ" ಎನ್ನಲು ಬರುತ್ತದೆಯೇ ಎಂದು. ಪರ್ಫ್ ಬಳಸುವವರು "ನನ್ನ ಈ ಒಂದು ಪ್ರೋಗ್ರಾಮ್ ಎಷ್ಟು ಸಲ ಮೆಮೊರಿ ಕೇಳಿತು, ಅಷ್ಟೇ ಹೇಳು" ಎಂದು ಕೇಳಬಹುದು. ಆದರೆ ಬಾಗಿಲಲ್ಲಿ ಕೂತ ಚಿಕ್ಕಮ್ಮನಿಗೆ ಸಾಮಾನು ಹೋದದ್ದು ಕಾಣುತ್ತದೆ, ಯಾವ ಭಟ್ಟರ ಒಲೆಗೆ ಹೋಯಿತು ಎಂದು ಗೊತ್ತಾಗುವುದಿಲ್ಲ. ಎಲ್ಲರಿಗೂ ಒಂದೇ ಬಾಗಿಲು. ಒಳ್ಳೆಯ ಡ್ರೈವರ್ ಇಂಥ ಪ್ರಶ್ನೆಯನ್ನು ಬಾಗಿಲಲ್ಲೇ ತಿರಸ್ಕರಿಸಬೇಕು. ಕೆಟ್ಟ ಡ್ರೈವರ್ ಏನೋ ಒಂದು ಅಂಕಿ ಹೇಳಿ ಕಳಿಸುತ್ತದೆ. ಕೇಳಿದವರು ಅದನ್ನೇ ನಿಜವೆಂದುಕೊಳ್ಳುತ್ತಾರೆ. ಈ ಡ್ರೈವರಿನಲ್ಲಿ ಆ ತಿರಸ್ಕಾರ ಸರಿಯಾಗಿತ್ತು. ಪಕ್ಕದಲ್ಲಿ ಸರಿ ಗುರುತು ಹಾಕಿದೆ.

ಎರಡನೆಯದು, ಎಣಿಕೆ ತುಂಬಿದರೆ ಏನಾಗುತ್ತದೆ? ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರ್ ನೆನಪಿದೆಯಲ್ಲ? 99999 ಆದ ಮೇಲೆ 00000. ಈ ಯಂತ್ರದ ಕೌಂಟರ್ 32 ಬಿಟ್‌ನದು. ಅಂದರೆ ಸುಮಾರು 429 ಕೋಟಿವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 429 ಕೋಟಿ ಬಹಳವೆನಿಸುತ್ತದೆ. ಲೆಕ್ಕ ಹಾಕಿ ನೋಡೋಣ. ಡಿಡಿಆರ್4-3200 ಎಂಬ ಸಾಮಾನ್ಯ ಮೆಮೊರಿಯ ಒಂದು ಚಾನೆಲ್ ಸೆಕೆಂಡಿಗೆ ಹೆಚ್ಚೆಂದರೆ 2560 ಕೋಟಿ ಬೈಟ್ ಸಾಗಿಸಬಲ್ಲದು. ಒಂದು ಸಲಕ್ಕೆ ಹೋಗುವುದು 64 ಬೈಟ್. ಅಂದರೆ ಸೆಕೆಂಡಿಗೆ 40 ಕೋಟಿ ಸಲ. ಪೂರ್ತಿ ಭರಾಟೆಯಲ್ಲಿ ಓಡಿದರೆ ಮೀಟರ್ ತುಂಬಲು 11 ಸೆಕೆಂಡ್ ಕೂಡ ಬೇಡ!

ಒಂದು ಸುತ್ತು ಮಾತ್ರ ತಿರುಗಿದ್ದರೆ ತೊಂದರೆಯಿಲ್ಲ. ಹಿಂದಿನ ಅಂಕಿಗಿಂತ ಈಗಿನದು ಚಿಕ್ಕದಿದ್ದರೆ ಸುತ್ತು ಬಂದಿದೆ ಎಂದು ಡ್ರೈವರ್ ಕಳೆದು ಕೂಡಿಸಿಕೊಳ್ಳುತ್ತದೆ. ಎರಡು ಮೂರು ಸುತ್ತು ತಿರುಗಿದರೆ ತಿಳಿಯುವುದೇ ಇಲ್ಲ. ಅದಕ್ಕೇ ಮೀಟರ್ ತುಂಬಿದ ಕೂಡಲೇ ಯಂತ್ರ ಗಂಟೆ ಬಾರಿಸಬೇಕು, ಇಲ್ಲವೇ ಡ್ರೈವರ್ ತಾನೇ ಆಗಾಗ ಹೋಗಿ ನೋಡಿ ಬರಬೇಕು. ನಾನು ಪುಟ ಹಿಂದೆ ಮುಂದೆ ತಿರುವಿದೆ. ಗಂಟೆಯೂ ಇಲ್ಲ, ನೋಡಿ ಬರುವ ಏರ್ಪಾಡೂ ಇಲ್ಲ.

ಬರೆದವರು ಪರೀಕ್ಷೆ ಮಾಡಿದ್ದರು. ಫಲಿತಾಂಶವನ್ನೂ ಕಳಿಸಿದ್ದರು. ಎಲ್ಲ ಸರಿಯಾಗಿತ್ತು. ಆದರೆ ಪರೀಕ್ಷೆ ಓಡಿಸಿದ್ದು 5 ಸೆಕೆಂಡ್. ಅದನ್ನೇ 60 ಸೆಕೆಂಡ್ ಓಡಿಸಿದರೆ? ಪೂರ್ತಿ ಭರಾಟೆಯಲ್ಲಿ ನಿಜವಾದ ಎಣಿಕೆ 2400 ಕೋಟಿ. ಐದು ಸುತ್ತು ಕಳೆದುಹೋಗಿ ಡ್ರೈವರ್ ಹೇಳುವುದು ಸುಮಾರು 252 ಕೋಟಿ. ಹತ್ತರಲ್ಲಿ ಒಂದು ಪಾಲು ಎನ್ನಿ. ನೋಡಿದವರು "ಉಗ್ರಾಣ ಖಾಲಿ ಕೂತಿದೆ, ಭಟ್ಟರೇ ಸಾಲದು" ಎಂದು ಇನ್ನಷ್ಟು ಪ್ರೊಸೆಸರ್ ಖರೀದಿಸುತ್ತಾರೆ. ದೋಷದ ಸಂದೇಶವಿಲ್ಲ, ಯಂತ್ರ ನಿಲ್ಲುವುದಿಲ್ಲ. ಒಂದು ಚೆಂದದ, ಸುಳ್ಳು ಅಂಕಿ ಅಷ್ಟೇ.

ಇಷ್ಟೆಲ್ಲ ಗೊತ್ತಾದ ಮೇಲೂ ಪ್ರಶ್ನೆ ಕಳಿಸಲು ಒಂದು ಗಂಟೆ ಹಿಂಜರಿದೆ ಎಂದರೆ ನಂಬುತ್ತೀರಾ? ಬರೆದವರು ನನಗಿಂತ ಬಹಳ ಅನುಭವಿ. ಈ ಪತ್ರವ್ಯವಹಾರ ಜಗತ್ತಿನ ಯಾರು ಬೇಕಾದರೂ ಓದುವಂಥದ್ದು. ಯಂತ್ರದ ಕೈಪಿಡಿ ನಾನೇ ಸರಿಯಾಗಿ ಓದಿಲ್ಲವೇನೋ? ಕೌಂಟರ್ ತುಂಬುವ ವಿಷಯ ಅವರಿಗೆ ಗೊತ್ತಿರುವುದಿಲ್ಲವೇ? ಬರೆದೆ, ಅಳಿಸಿದೆ, ಮತ್ತೆ ಬರೆದೆ.

ರಾತ್ರಿ ಹತ್ತೂವರೆ. ಅವ್ವ ನಮ್ಮ ಜೊತೆ ಕೊಥ್ರೂಡ್‌ನಲ್ಲೇ ಇರುತ್ತಾಳೆ. ನೀರು ಕುಡಿಯಲು ಎದ್ದು ಬಂದವಳು, "ಏನ್ ಐತವ್ವ ಅದ್ರಾಗ, ಆಗ್ಲಿಂದ ಅದನ್ನ ನೋಡಾಕತ್ತೀ?" ಎಂದಳು.

"ಒಬ್ಬ ದೊಡ್ಡವರು ಬರದ ಲೆಕ್ಕದಾಗ ತಪ್ಪೈತಿ ಅನ್ಸಾಕತ್ತೈತಿ ಅವ್ವ. ಕೇಳ್ಲೋ ಬ್ಯಾಡೋ ಅಂತ..."

"ಲೆಕ್ಕ ಕೇಳಾಕ ಎಂಥಾ ನಾಚಿಕಿ? ತಪ್ಪಿದ್ರ ಅವ್ರು ತಿದ್ಕೋತಾರ. ಇಲ್ಲಂದ್ರ ನಿನಗ ತಿಳಿಸಿ ಹೇಳ್ತಾರ. ಎರಡ್ರಾಗೂ ನಿಂದೇನು ಹೋಗ್ತೈತಿ?"

ನನ್ನ ಅವ್ವ ನಾಲ್ಕನೆಯ ಇಯತ್ತೆವರೆಗೆ ಓದಿದವಳು. ನಮ್ಮ ಮನೆಯಲ್ಲಿ ಹಾಲಿನ ಲೆಕ್ಕ ಕ್ಯಾಲೆಂಡರಿನ ಮೇಲೆ ಇರುತ್ತಿತ್ತು. ತಿಂಗಳ ಕೊನೆಗೆ ಹಾಲಿನವನು ಹೇಳಿದ ಲೆಕ್ಕ ಎಂದೂ ಹಾಗೇ ಒಪ್ಪಿದವಳಲ್ಲ. ಹಾಗಂತ ಜಗಳವನ್ನೂ ಆಡಿದವಳಲ್ಲ. "ಹದಿನಾಲ್ಕನೇ ತಾರೀಖು ನೀ ಬಂದಿಲ್ಲಪ್ಪಾ, ನೋಡಿಲ್ಲಿ" ಎಂದು ತೋರಿಸುತ್ತಿದ್ದಳು ಅಷ್ಟೇ.

ನಾನೂ ಹಾಗೇ ಬರೆದೆ. "ಕೌಂಟರ್ 32 ಬಿಟ್ ಎಂದು ಓದಿದೆ. ಪೂರ್ತಿ ವೇಗದಲ್ಲಿ 11 ಸೆಕೆಂಡಿಗೆ ತುಂಬುತ್ತದೆ ಎಂದು ನನ್ನ ಲೆಕ್ಕ. ಲೆಕ್ಕ ಕೆಳಗಿದೆ. 60 ಸೆಕೆಂಡ್ ಓಡಿಸಿದರೆ ಏನು ಬರುತ್ತದೆ, ದಯವಿಟ್ಟು ನೋಡಿ ತಿಳಿಸುತ್ತೀರಾ?" ಅದರ ಜೊತೆ ಇನ್ನೊಂದು ಸಂದೇಹವನ್ನೂ ಬರೆದೆ: ಎಣಿಕೆ ಓದುವ ಜಾಗದಲ್ಲಿ ಬೀಗ ಏಕಿಲ್ಲ? ಇಬ್ಬರು ಒಟ್ಟಿಗೆ ಬಂದು ಓದಿದರೆ ಗೊಂದಲವಾಗದೇ?

ಮರುದಿನ ಸಂಜೆ ಉತ್ತರ ಬಂತು. 60 ಸೆಕೆಂಡ್ ಓಡಿಸಿ ನೋಡಿದ್ದರು, ಅಂಕಿ ತಪ್ಪು ಬಂದಿತ್ತು. ಯಂತ್ರಕ್ಕೆ ಗಂಟೆ ಬಾರಿಸುವ ಶಕ್ತಿ ಇದೆ, ಡ್ರೈವರಿನಲ್ಲಿ ಅದನ್ನು ಜೋಡಿಸಿರಲಿಲ್ಲ, ಮುಂದಿನ ಆವೃತ್ತಿಯಲ್ಲಿ ಸೇರಿಸುತ್ತೇನೆ ಎಂದು ಬರೆದಿದ್ದರು.

ಬೀಗದ ವಿಷಯದಲ್ಲಿ ತಪ್ಪು ನನ್ನದೇ ಆಗಿತ್ತು. ಈ ಎಣಿಕೆಯನ್ನು ನೋಡಿಕೊಳ್ಳುವ ಹೊಣೆ ಯಾವಾಗಲೂ ಒಂದೇ ಪ್ರೊಸೆಸರಿನ ಮೇಲಿರುತ್ತದೆ. ಗಂಟೆಯ ಸದ್ದೂ ಅದಕ್ಕೇ ಹೋಗುವಂತೆ ಕಟ್ಟಿರುತ್ತಾರೆ. ಹಾಗಾಗಿ ಇಬ್ಬರು ಒಟ್ಟಿಗೆ ಬರುವ ಪ್ರಶ್ನೆಯೇ ಇಲ್ಲ ಎಂದು ಅವರು ತಾಳ್ಮೆಯಿಂದ ವಿವರಿಸಿದ್ದರು. "ನನ್ನ ತಪ್ಪು, ಆ ಪ್ರಶ್ನೆ ಹಿಂದೆ ತೆಗೆದುಕೊಂಡಿದ್ದೇನೆ" ಎಂದು ಬರೆದೆ. ಜಗತ್ತಿಗೆಲ್ಲ ಕಾಣುವಂತೆ ಬರೆದೆ, ಆಕಾಶವೇನೂ ಬೀಳಲಿಲ್ಲ. ಆದರೆ ಅದೇ ಉತ್ತರ ಓದುವಾಗ ಇನ್ನೊಂದು ಹೊಳೆಯಿತು. ಹೊಣೆ ಹೊತ್ತ ಆ ಪ್ರೊಸೆಸರನ್ನು ಯಾರಾದರೂ ಆಫ್ ಮಾಡಿದರೆ? ನಮ್ಮ ಸಂಘದ ಕಾರ್ಯದರ್ಶಿ ಊರಿಗೆ ಹೋಗುವಾಗ ಬೀರುವಿನ ಕೀಲಿ ಇನ್ನೊಬ್ಬರ ಕೈಗೆ ಕೊಟ್ಟು ಹೋಗುವಂತೆ, ಎಣಿಕೆಯ ಹೊಣೆಯೂ ದಾಟಬೇಕು. ಅವರು ಎಣಿಕೆಯನ್ನು ದಾಟಿಸಿದ್ದರು. ಹೊಸದಾಗಿ ಜೋಡಿಸುವ ಗಂಟೆಯೂ ಅದರ ಜೊತೆ ದಾಟಬೇಕು ಎಂದು ನೆನಪಿಸಿದೆ. ತಪ್ಪು ಪ್ರಶ್ನೆ ಕೇಳಿದ್ದರಿಂದಲೇ ಸರಿಯಾದ ಪ್ರಶ್ನೆ ಸಿಕ್ಕಿತು.

ನಾಲ್ಕನೆಯ ಆವೃತ್ತಿಗೆ ನನ್ನ ಹೆಸರು ಹಾಕಿದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಇಲ್ಲಿ ಕೂತಿರುವ ತಂಗಿಯರಲ್ಲಿ ಕೆಲವರು ಇಂಜಿನಿಯರಿಂಗ್ ಓದುತ್ತಿದ್ದೀರಿ, ಕೆಲವರು ನನ್ನಂತೆ ಕೆಲಸ ಬಿಟ್ಟು ಮತ್ತೆ ಸೇರುವ ಯೋಚನೆಯಲ್ಲಿದ್ದೀರಿ. ಈ ಕೆಲಸಕ್ಕೆ ಬರುವ ದಾರಿಗಳಿವೆ. ಔಟ್‌ರೀಚಿ ಎಂಬ ಕಾರ್ಯಕ್ರಮದಲ್ಲಿ ಮಾರ್ಗದರ್ಶಕರ ಜೊತೆ, ವೇತನ ಪಡೆದು ಕಲಿಯಬಹುದು. ಮೊದಲು ಹೆಣ್ಣುಮಕ್ಕಳಿಗೆಂದೇ ಶುರುವಾದ ಕಾರ್ಯಕ್ರಮವದು. ಲಿನಕ್ಸ್ ಕರ್ನಲ್ 2013ರಿಂದ ಅದರಲ್ಲಿ ಭಾಗವಹಿಸಿದೆ. ಬರೆಯಲು ಧೈರ್ಯವಿಲ್ಲದಿದ್ದರೆ ಓದುವುದರಿಂದ ಶುರು ಮಾಡಿ. ಬೇರೆಯವರು ಬರೆದದ್ದನ್ನು ನಿಮ್ಮ ಯಂತ್ರದಲ್ಲಿ ಓಡಿಸಿ ನೋಡಿ. ಹಾಗೆ ಪರೀಕ್ಷಿಸಿದವರ ಹೆಸರಿಗೂ "ಟೆಸ್ಟೆಡ್-ಬೈ" ಎಂದು ಅಲ್ಲಿ ಜಾಗವಿದೆ.

ಕಂಪ್ಯೂಟರ್ ಕೆಲಸದವರಲ್ಲದವರಿಗೂ ನನ್ನ ಮಾತು ಇಷ್ಟೇ. ಸೊಸೈಟಿಯ ಸಭೆಯಲ್ಲಿ, ಬ್ಯಾಂಕಿನಲ್ಲಿ, ನಮ್ಮ ಸಂಘದ ಜಮಾ ಖರ್ಚು ಮಂಡಿಸುವಾಗ, "ಎಲ್ಲರೂ ಸಹಿ ಹಾಕಿದ್ದಾರೆ, ನೀವೂ ಹಾಕಿ" ಎಂದು ಕಾಗದ ಮುಂದಿಟ್ಟಾಗ ಅರ್ಥವಾಗದ ಸಾಲಿನ ಮೇಲೆ ಬೆರಳಿಟ್ಟು ಕೇಳಿ. ಸರಿಯಿದ್ದರೆ ತಿಳಿಸಿ ಹೇಳುತ್ತಾರೆ, ತಪ್ಪಿದ್ದರೆ ತಿದ್ದಿಕೊಳ್ಳುತ್ತಾರೆ. ಅವ್ವ ಹೇಳಿದಂತೆ, ಎರಡರಲ್ಲೂ ನಮ್ಮದೇನೂ ಹೋಗುವುದಿಲ್ಲ.

ಅರ್ಥವಾಗದ್ದು ಏನಾದರೂ ಇದ್ದರೆ ಚಹಾದ ಹೊತ್ತಿನಲ್ಲಿ ಖಂಡಿತ ಕೇಳಿ, ನಾಚಿಕೆ ಬೇಡ.