ಧಾರಾವಾಹಿಯ ಸೊಸೆ, ನಮ್ಮ ಮನೆಯ ಮಗಳು

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಭೆ ಶುರುವಾಗುವ ಮುಂಚೆ ನೀವು ಆಡುತ್ತಿದ್ದ ಮಾತು ನನ್ನ ಕಿವಿಗೂ ಬಿತ್ತು. ಉಳಿತಾಯದ ದುಡ್ಡು ಎಣಿಸುತ್ತಾ, ಸಾಲದ ಕಂತು ಬರೆಸುತ್ತಾ ನೀವು ಮಾತಾಡುತ್ತಿದ್ದದ್ದು ನಿನ್ನೆ ರಾತ್ರಿಯ ಧಾರಾವಾಹಿಯ ಬಗ್ಗೆ. 'ಅವಳಿಗೆ ಎಲ್ಲಾ ಗೊತ್ತಾಗಿದೆ ಕಣೇ', 'ಗೊತ್ತಾದರೂ ಗಂಡನ ಹತ್ತಿರ ಬಾಯಿ ಬಿಡಲ್ಲ ನೋಡ್ತಿರು', 'ಆ ಅತ್ತೆಗೆ ಯಾಕೆ ಇಷ್ಟೊಂದು ಹೊಟ್ಟೆಕಿಚ್ಚು?' ನಾನು ಬಂದು ಚಾಪೆಯ ಮೇಲೆ ಕೂತ ಕೂಡಲೇ ಎಲ್ಲರೂ ಸುಮ್ಮನಾದಿರಿ. ವರದಕ್ಷಿಣೆ ಬಗ್ಗೆ ಮಾತಾಡಲು ಬಂದವಳು ಸೀರಿಯಲ್ಲು ನೋಡಬೇಡಿ ಅಂತ ಬುದ್ಧಿ ಹೇಳುತ್ತಾಳೆ ಅಂದುಕೊಂಡಿರೋ ಏನೋ. ನನಗೆ ಆ ಯೋಗ್ಯತೆ ಇಲ್ಲ. ನಾನೂ ನೋಡುವವಳೇ. ನೋಡುತ್ತಾ ಕೂತು ಒಲೆಯ ಮೇಲೆ ಸಾರು ಉಕ್ಕಿಸಿದವಳೇ. ನೀವು ನಿಲ್ಲಿಸಿದ ಮಾತಿನಿಂದಲೇ ಇವತ್ತು ಶುರು ಮಾಡೋಣ. ಯಾಕೆಂದರೆ ಇಂಥ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳದೆ ನಾನು ಒಂದು ದೊಡ್ಡ ತಪ್ಪು ಮಾಡಿದ್ದೇನೆ.

ನನ್ನ ಅಕ್ಕನ ಮಗಳ ವಿಷಯ ಹೇಳುತ್ತೇನೆ. ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ, ಹೆಸರು ಬೇಡ. 2014ರಲ್ಲಿ ಮದುವೆಯಾಗಿ ಪಕ್ಕದ ಜಿಲ್ಲೆಗೆ ಹೋದಳು. ರಾತ್ರಿ ಧಾರಾವಾಹಿ ಮುಗಿದ ಮೇಲೆ ನನಗೆ ಫೋನು ಮಾಡುವಳು. ನಾವಿಬ್ಬರೂ ಎರಡು ಮೂರು ಧಾರಾವಾಹಿ ನೋಡುತ್ತಿದ್ದೆವು. ಯಾರು ಸಂಚು ಮಾಡಿದರು, ಯಾರು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರು, ನಾಳೆ ಏನಾಗುತ್ತದೆ, ಇದೇ ಮಾತು. ಅವಳು ಸುಖವಾಗಿದ್ದಾಳೆ, ಅದಕ್ಕೇ ಇಷ್ಟು ಪುರಸೊತ್ತು ಅಂತ ನಾನು ತಿಳಿದಿದ್ದೆ.

ಒಂದು ದಿನ ಕೇಳಿದಳು: 'ಚಿಕ್ಕಮ್ಮ, ಆ ಸೊಸೆ ತನ್ನ ಅಮ್ಮನಿಗೆ ಯಾಕೆ ಹೇಳಲ್ಲ?' ನಾನು ನಕ್ಕು, 'ಹೇಳಿಬಿಟ್ಟರೆ ಕಥೆ ಮುಗಿದೇಹೋಗುತ್ತಲ್ಲೇ' ಅಂದೆ. ಇನ್ನೊಂದು ದಿನ, 'ಅವಳ ಗಂಡನಿಗೆ ನಿಜವಾಗಲೂ ಗೊತ್ತಿಲ್ವಾ, ಗೊತ್ತಿದ್ದೂ ಸುಮ್ಮನಿದ್ದಾನಾ?' ಅಂದಳು. 'ಅವನು ಒಳ್ಳೆಯವನು ಕಣೇ, ಒಂದಿನ ಗೊತ್ತಾಗುತ್ತೆ, ಆವಾಗ ನೋಡು' ಅಂದೆ. ಮತ್ತೊಂದು ದಿನ, 'ಆ ಸೊಸೆಯ ಒಡವೆ ಎಲ್ಲಾ ಯಾರ ಹತ್ತಿರ ಇದೆ ಚಿಕ್ಕಮ್ಮ?' ಅಂತ ಕೇಳಿದಳು. 'ಅದನ್ನೆಲ್ಲ ಸೀರಿಯಲ್ಲಿನಲ್ಲಿ ಎಲ್ಲಿ ತೋರಿಸ್ತಾರೆ' ಅಂದು ಫೋನಿಟ್ಟೆ.

ಧಾರಾವಾಹಿಯಲ್ಲಿ ಇಲ್ಲದ್ದನ್ನು ಅವಳು ಯಾಕೆ ಕೇಳಿದಳು? ಆ ಪ್ರಶ್ನೆ ನನಗೆ ಹೊಳೆಯಲಿಲ್ಲ. 2017ರಲ್ಲಿ ಒಂದು ಬೆಳಿಗ್ಗೆ, ಮೊದಲ ಬಸ್ಸಿಗೆ, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬರಿಗಾಲಲ್ಲಿ ಬಂದು ನಮ್ಮ ಜಗಲಿಯ ಮೇಲೆ ಕೂತಳು. ಎಡಗೈ ಊದಿಕೊಂಡಿತ್ತು. ಮುರಿದು ಆಗಲೇ ನಾಲ್ಕು ದಿನವಾಗಿತ್ತು. ಇವತ್ತಿಗೂ ಆ ಮೊಣಕೈ ಪೂರ್ತಿ ನೆಟ್ಟಗಾಗುವುದಿಲ್ಲ. ಅವಳು ಮೂರು ವರ್ಷ ನನ್ನ ಹತ್ತಿರ ತನ್ನ ಕಥೆಯನ್ನೇ ಹೇಳಿಕೊಂಡಿದ್ದಳು. ನಾನು ಅವಳಿಗೆ ಧಾರಾವಾಹಿಯ ಉತ್ತರ ಕೊಟ್ಟಿದ್ದೆ.

ಅಕ್ಕಂದಿರೇ, ಬಾಯಿಬಿಟ್ಟು 'ನನ್ನ ಗಂಡ ಹೊಡೆಯುತ್ತಾನೆ' ಅನ್ನಲಾರದ ಹೆಣ್ಣು 'ಆ ಸೀರಿಯಲ್ಲಿನವಳ ಗಂಡ' ಅಂತ ಹೇಳಬಲ್ಲಳು. ಅಲ್ಲಿ ಮರ್ಯಾದೆ ಹೋಗುವುದಿಲ್ಲ, ತವರಿನವರಿಗೆ ನೋವಾಗುವುದಿಲ್ಲ. ಹಿಂದೆ ಬೀಸುವ ಕಲ್ಲಿನ ಮುಂದೆ, ಬಾವಿಕಟ್ಟೆಯ ಹತ್ತಿರ ಇನ್ನೊಬ್ಬಳ ಹೆಸರಿಟ್ಟು ತಮ್ಮ ಸಂಕಟ ಹೇಳಿಕೊಳ್ಳುತ್ತಿದ್ದರಲ್ಲ, ಹಾಗೆಯೇ ಇದು. ಆದ್ದರಿಂದ ಈ ಮಾತು ಹಗುರವಾದದ್ದಲ್ಲ.

ಈಗ ಆ ಕಥೆಗಳನ್ನೇ ಸ್ವಲ್ಪ ನೋಡೋಣ. ಅಲ್ಲಿ ಕೇಡು ಮಾಡುವವರು ಯಾರು? ಹೆಚ್ಚಾಗಿ ಒಬ್ಬ ಹೆಂಗಸು. 2013ರ ಕೊನೆಯಿಂದ 2020ರ ಶುರುವಿನ ತನಕ ನಡೆದ 'ಅಗ್ನಿಸಾಕ್ಷಿ'ಯ ಚಂದ್ರಿಕಾಳನ್ನು ನೀವು ಮರೆತಿರಲಿಕ್ಕಿಲ್ಲ. ಮನೆಯವರೆಲ್ಲರ ಮುಂದೆ ಒಳ್ಳೆಯವಳು, ಮರೆಯಲ್ಲಿ ಸಂಚು. ಯಾಕೆ ಹಾಗೆ ಮಾಡುತ್ತಾಳೆ ಅಂತ ಕೇಳಿದರೆ ಇಂಥ ಕಥೆಗಳು ಕೊಡುವ ಕಾರಣ ಹೊಟ್ಟೆಕಿಚ್ಚು, ಹಳೆಯ ಸೇಡು, ಅಧಿಕಾರದ ಆಸೆ. ಗಂಡ ಮಾತ್ರ ಏನೂ ಅರಿಯದ ಮಗು. ಮನೆಯೊಳಗೆ ಇಷ್ಟೆಲ್ಲ ನಡೆದರೂ ಅವನ ಕಣ್ಣಿಗೆ ಬೀಳುವುದಿಲ್ಲ. ನೋಡಿದವರಿಗೆ ಏನನ್ನಿಸುತ್ತದೆ? ಹೆಣ್ಣಿಗೆ ಹೆಣ್ಣೇ ಶತ್ರು ಅನ್ನಿಸುತ್ತದೆ.

ನಮ್ಮ ಹುಡುಗಿಯ ಮನೆಯಲ್ಲೂ ಬೈಯುತ್ತಿದ್ದವಳು ಅತ್ತೆಯೇ. 'ನಿಮ್ಮಪ್ಪ ಏನು ಕೊಟ್ಟ?' ಅನ್ನುತ್ತಿದ್ದದ್ದು ಅವಳ ಬಾಯಿ. ನಾವು ಮೊದಲು ಅವಳನ್ನೇ ಶಪಿಸಿದೆವು. ಆಮೇಲೆ ಲೆಕ್ಕ ಹಾಕಲು ಕೂತೆವು. ಮದುವೆಯಲ್ಲಿ ಹಾಕಿದ ಒಡವೆ ಗಿರವಿ ಇಟ್ಟಿದ್ದರು. ಆ ದುಡ್ಡಿನಲ್ಲಿ ಒಂದು ಗೂಡ್ಸ್ ಆಟೋ ಬಂದಿತ್ತು. ಆಟೋ ಯಾರ ಹೆಸರಲ್ಲಿ? ಮಗನ ಹೆಸರಲ್ಲಿ. ಮನೆ ಯಾರ ಹೆಸರಲ್ಲಿ? ಅದೂ ಮಗನದೇ. ಬೈದವಳು ಅತ್ತೆ, ಲಾಭ ಪಡೆದವನು ಗಂಡ. ಕೈ ತಿರುಚಿದವನೂ ಅವನೇ.

ಅತ್ತೆ ತಪ್ಪಿತಸ್ಥಳಲ್ಲ ಅಂತ ನಾನು ಹೇಳುವುದಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಆದರೆ ಆ ಅತ್ತೆಯ ಕಾಲವಾದರೂ ಎಂಥದ್ದು? ಅವಳ ಹೆಸರಿನಲ್ಲಿ ಒಂದು ಗೇಣು ನೆಲವಿಲ್ಲ. ಮಗನ ಮಾತು ನಡೆಸಿಕೊಟ್ಟರೆ ಮುದಿಗಾಲಕ್ಕೆ ಒಂದು ತುತ್ತು, ಇಲ್ಲದಿದ್ದರೆ ಅದೂ ಇಲ್ಲ. ಅವಳ ಉದ್ದೇಶ ಹುಡುಕುವುದಾದರೆ ಅಲ್ಲಿ ಹುಡುಕಬೇಕು. 2016ರಲ್ಲಿ ಸುಪ್ರೀಂ ಕೋರ್ಟು ಕೌಟುಂಬಿಕ ದೌರ್ಜನ್ಯದ ಕಾಯ್ದೆಯಿಂದ 'ವಯಸ್ಕ ಪುರುಷ' ಎಂಬ ಮಿತಿಯನ್ನು ತೆಗೆದುಹಾಕಿತು. ಈಗ ಹಿಂಸೆ ಕೊಡುವ ಹೆಂಗಸಿನ ಮೇಲೂ ದೂರು ಕೊಡಬಹುದು. ಮನೆಯವರಿಂದ ಹಿಂಸೆ ಅನುಭವಿಸುವ ಅತ್ತೆಯೂ ಅದೇ ಕಾಯ್ದೆಯಡಿ ರಕ್ಷಣೆ ಕೇಳಬಹುದು.

ಇನ್ನು ಕಥೆಯ ತಿರುವು. 2000ದಿಂದ 2008ರವರೆಗೆ ಬಂದ ಹಿಂದಿಯ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ' ನೋಡಿದವರು ಇಲ್ಲೂ ಇದ್ದೀರಿ. ಅದರಲ್ಲಿ ತುಳಸಿಯ ಗಂಡ ಮಿಹಿರ್ ಸತ್ತ. ನೋಡುವವರು ತಡೆಯಲಾರದೆ ಗಲಾಟೆ ಮಾಡಿದರು. ಮಿಹಿರ್ ಬದುಕಿ ಬಂದ. ನಮ್ಮ 'ಪುಟ್ಟಗೌರಿ ಮದುವೆ'ಯ ಗೌರಿ ಬೆಟ್ಟದಿಂದ ಬಿದ್ದರೂ ಉಳಿದಳು. ಆಗ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ನಕ್ಕರೂ ಒಳಗೊಳಗೆ ಒಂದು ನಂಬಿಕೆ ಕೂತುಬಿಡುತ್ತದೆ. ಒಳ್ಳೆಯವಳಿಗೆ ಕೊನೆಗೆ ಒಳ್ಳೆಯದೇ ಆಗುತ್ತದೆ, ಯಾರೋ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾರೆ, ಒಂದು ದಿನ ಗಂಡ ಕಣ್ಣೀರಿಟ್ಟು ಕ್ಷಮೆ ಕೇಳುತ್ತಾನೆ. ತಾಳಿದವಳು ಬಾಳುತ್ತಾಳೆ ಅನ್ನುವ ಹಳೆಯ ಮಾತಿಗೆ ಧಾರಾವಾಹಿ ದಿನಾ ಎಣ್ಣೆ ಹೊಯ್ಯುತ್ತದೆ.

ಅವಳು ಯಾಕೆ ಬಾಯಿ ಬಿಡುವುದಿಲ್ಲ ಅನ್ನುವುದಕ್ಕೆ ಧಾರಾವಾಹಿ ಮಾಡುವವರ ಹತ್ತಿರ ಸರಳವಾದ ಕಾರಣವಿದೆ. ವಾರಕ್ಕೆ ಐದಾರು ದಿನ ಕಥೆ ಓಡಬೇಕು, ದಿನಾ ಕೊನೆಗೆ ಒಂದು ಗಾಬರಿ ಇರಬೇಕು, ನಡುವೆ ಜಾಹೀರಾತು ಬರಬೇಕು. ಅವಳು ನಿಜ ಹೇಳಿದ ದಿನ ಅಂಗಡಿ ಮುಚ್ಚಿದಂತೆ. ಅವಳ ಮೌನ ಅವರಿಗೆ ಬಂಡವಾಳ. ನಮ್ಮ ಮನೆಗಳಲ್ಲಿ ನಮ್ಮ ಮೌನ ಯಾರಿಗೆ ಬಂಡವಾಳ ಅಂತ ನಾವು ಕೇಳಿಕೊಳ್ಳಬೇಕಲ್ಲವೇ?

ಕಥೆ ಬರೆದವರು ಒಳ್ಳೆಯ ಉದ್ದೇಶದಿಂದ ಬರೆದರೂ ನಾವು ಅದನ್ನು ಬೇರೆಯಾಗಿ ತೆಗೆದುಕೊಳ್ಳುವುದುಂಟು. ನಮ್ಮ ದೇಶದ ಮೊದಲ ದೊಡ್ಡ ಧಾರಾವಾಹಿ, ದೂರದರ್ಶನದ 'ಹಮ್ ಲೋಗ್', 1984ರ ಜುಲೈಯಿಂದ 1985ರ ಡಿಸೆಂಬರ್ ತನಕ ಬಂತು. ಬರೆದವರು ಮನೋಹರ ಶ್ಯಾಮ ಜೋಶಿ. ಅದರಲ್ಲಿ ಬಸೇಸರ್ ರಾಮ್ ಎಂಬ ಕುಡುಕ ಗಂಡ, ಎಲ್ಲವನ್ನೂ ಸಹಿಸಿಕೊಳ್ಳುವ ಹೆಂಡತಿ ಭಾಗವಂತಿ. ಹೀಗೆ ಸಹಿಸಿಕೊಂಡರೆ ಏನು ಗತಿಯಾಗುತ್ತದೆ ನೋಡಿ ಅಂತ ಎಚ್ಚರಿಸಲು ಆ ಪಾತ್ರ ಮಾಡಿದ್ದರು. ಆದರೆ ಎಷ್ಟೋ ಜನ ನೋಡುಗರು, ಹೆಂಗಸರೂ ಸೇರಿ, ಹೆಂಡತಿಯೆಂದರೆ ಹೀಗಿರಬೇಕು ಅಂತ ಅವಳನ್ನೇ ಮೆಚ್ಚಿದರು. ಆ ಧಾರಾವಾಹಿಯಲ್ಲಿ ಪ್ರತಿ ಕಂತಿನ ಕೊನೆಗೆ ಹಿರಿಯ ನಟ ಅಶೋಕ್ ಕುಮಾರ್ ಬಂದು ನಾಲ್ಕು ಮಾತು ಹೇಳುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು. ಅಷ್ಟಾದರೂ ಹಾಗಾಯಿತು. ಇವತ್ತಿನ ಧಾರಾವಾಹಿಗಳಲ್ಲಿ ಹಾಗೆ ಕೊನೆಗೆ ಬಂದು ಕೇಳುವವರು ಯಾರೂ ಇಲ್ಲ. ಆ ಕೆಲಸ ನಮ್ಮದೇ.

ಬೇರೆ ಬಗೆಯ ಕಥೆಯೂ ಇಲ್ಲದಿಲ್ಲ. 2021ರ ಡಿಸೆಂಬರಿನಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಉಮಾಶ್ರೀಯವರು ಮಾಡಿದ ಪುಟ್ಟಕ್ಕ, ಗಂಡ ಬಿಟ್ಟುಹೋದ ಮೇಲೆ ಮೆಸ್ಸು ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸಿದವಳು. ಅವಳ ಕೈಯಲ್ಲಿ ಕೆಲಸವಿತ್ತು, ದುಡ್ಡಿತ್ತು. ನಮ್ಮ ಸಂಘದವರಿಗೆ ಅದರ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಕಥೆ ಹೇಳಬೇಕು. ಅದು ಟಿವಿಯಲ್ಲಿ ಬಂದದ್ದಲ್ಲ, ಪೊಲೀಸ್ ಠಾಣೆಯ ಪುಸ್ತಕದಲ್ಲಿ ಬರೆದದ್ದು. 1997ರ ಒಂದೇ ವರ್ಷ ಬೆಂಗಳೂರಿನಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರು ಅಸಹಜವಾಗಿ ಸತ್ತರೆಂದು 'ವಿಮೋಚನಾ' ಸಂಘಟನೆಯವರು ದಾಖಲೆಗಳಿಂದ ಲೆಕ್ಕ ತೆಗೆದಿದ್ದರು. ಎಷ್ಟೋ ಸಾವುಗಳ ಮುಂದೆ ಬರೆದದ್ದು ಒಂದೇ ಸಾಲು: ಸ್ಟವ್ ಸಿಡಿದು. ಸ್ಟವ್ವಿಗೆ ಅತ್ತೆಯೂ ಗೊತ್ತಾಗುವುದಿಲ್ಲ, ನಾದಿನಿಯೂ ಗೊತ್ತಾಗುವುದಿಲ್ಲ. ಸೊಸೆಯನ್ನೇ ಹುಡುಕಿಕೊಂಡು ಸಿಡಿಯುತ್ತಿತ್ತು! ಯೋಚಿಸಿ ನೋಡಿ. ಧಾರಾವಾಹಿಯಲ್ಲಿ ಒಂದು ಲೋಟ ಹಾಲು ಚೆಲ್ಲಿದರೂ ಯಾರು ಮಾಡಿದರು, ಯಾಕೆ ಮಾಡಿದರು ಅಂತ ನಾವು ಒಂದು ವಾರ ಮಾತಾಡುತ್ತೇವೆ. ಬೀದಿಯಲ್ಲಿ ಒಬ್ಬ ಹುಡುಗಿ ಸುಟ್ಟುಕೊಂಡು ಸತ್ತರೆ 'ಪಾಪ, ಹಣೆಬರಹ' ಅಂದು ಸುಮ್ಮನಾಗುತ್ತೇವೆ. ಉದ್ದೇಶ ಹುಡುಕಬೇಕಾದ ಕಡೆ ಹುಡುಕುವುದಿಲ್ಲ.

ಕಾನೂನಾದರೂ ಹುಡುಕುತ್ತದೆ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತು, ಸಾವಿಗೆ ಮುಂಚೆ ವರದಕ್ಷಿಣೆಗಾಗಿ ಪೀಡಿಸಿದ್ದರು ಅಂತ ತೋರಿಸಿದರೆ, ಗಂಡನ ಮನೆಯವರೇ ಕಾರಣ ಎಂದು ಕೋರ್ಟು ಭಾವಿಸಬೇಕು. 1986ರಲ್ಲಿ ಬಂದ ಈ 304ಬಿ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೆಯ ಕಲಮಾಗಿದೆ. ಕ್ರೌರ್ಯಕ್ಕೆ ಸಂಬಂಧಿಸಿದ ಹಳೆಯ 498ಎ ಈಗ 85 ಮತ್ತು 86. ಹೀಗಿದ್ದರೂ ದೇಶದಲ್ಲಿ 2022ರ ಒಂದು ವರ್ಷದಲ್ಲೇ 6,000ಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ದಾಖಲಾದವು. ಕಾನೂನು ಆಗ ಬಂದು ನ್ಯಾಯ ಕೊಟ್ಟರೂ ಸತ್ತವಳು ಮಿಹಿರನಂತೆ ಎದ್ದು ಬರುವುದಿಲ್ಲ. ಬದುಕಿರುವಾಗ ಕೇಳಿಸಿಕೊಳ್ಳಬೇಕು.

ಅದಕ್ಕೇ ನಿಮ್ಮಲ್ಲಿ ಒಂದು ಕೇಳಿಕೆ. ಧಾರಾವಾಹಿ ನೋಡಿ, ಸಂಘದಲ್ಲಿ ಅದರ ಮಾತೂ ಆಡಿ. ಆಡುವಾಗ ನಾಲ್ಕು ಪ್ರಶ್ನೆ ಸೇರಿಸಿ. ಈ ಸಂಚಿನಿಂದ ದುಡ್ಡು ಯಾರ ಕೈ ಸೇರುತ್ತದೆ? ಅವಳ ಒಡವೆ ಎಲ್ಲಿದೆ, ಮನೆ ಯಾರ ಹೆಸರಲ್ಲಿದೆ? ಗಂಡನಿಗೆ ನಿಜಕ್ಕೂ ಗೊತ್ತಿಲ್ಲವೇ? ಅವಳು ನಮ್ಮ ಸಂಘದವಳಾಗಿದ್ದರೆ ನಾವು ಏನು ಮಾಡುತ್ತಿದ್ದೆವು? ಹೀಗೆ ಮಾತಾಡುವಾಗ ಯಾರಾದರೂ ಒಬ್ಬಳು, ಧಾರಾವಾಹಿಯಲ್ಲಿ ಇಲ್ಲದ ಪ್ರಶ್ನೆ ಕೇಳಿದರೆ ಅವಳ ಮುಖ ನೋಡಿ. ಎಲ್ಲರ ಮುಂದೆ ಕೆದಕಬೇಡಿ. ಸಭೆ ಮುಗಿದ ಮೇಲೆ ಅವಳ ಜೊತೆ ಒಂದಷ್ಟು ದೂರ ನಡೆದು ಹೋಗಿ.

ಅವಳು ಹೇಳಿದರೆ, 'ಹೊಂದಿಕೊಂಡು ಹೋಗು' ಅನ್ನಬೇಡಿ. 2005ರ ಕೌಟುಂಬಿಕ ದೌರ್ಜನ್ಯದ ಕಾಯ್ದೆಯಲ್ಲಿ ಬೈಗುಳವೂ ಹಿಂಸೆ, ಒಡವೆ ಕಿತ್ತುಕೊಳ್ಳುವುದೂ ಹಿಂಸೆ. ಮನೆ ಅವಳ ಹೆಸರಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ಕಚೇರಿಗೆ ನೀವಿಬ್ಬರು ಜೊತೆಗೆ ಹೋಗಿ. ಸಂರಕ್ಷಣಾಧಿಕಾರಿಯ ಕೆಲಸ ಅವರದೇ. ಸಹಾಯವಾಣಿ 181, ತುರ್ತಿಗೆ 112. ಈ ಸಂಖ್ಯೆಗಳನ್ನು ಸಂಘದ ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ನಮ್ಮ ಹುಡುಗಿಯ ಕೇಸು ಎರಡೂವರೆ ವರ್ಷ ನಡೆಯಿತು. ಒಡವೆಯಲ್ಲಿ ಅರ್ಧದಷ್ಟು ಮಾತ್ರ ವಾಪಸು ಬಂತು. ಗಂಡ ಬಂದು ಕಾಲಿಗೆ ಬೀಳಲಿಲ್ಲ, ಅತ್ತೆಯ ಮನಸ್ಸು ಬದಲಾಗಲಿಲ್ಲ. ಅಂಥ ತಿರುವು ಏನೂ ಬರಲಿಲ್ಲ. ಅವಳು ನಮ್ಮೂರಲ್ಲೇ ಮನೆ ಮಾಡಿಕೊಂಡು ಬಟ್ಟೆ ಹೊಲಿಯುತ್ತಾಳೆ, ಮಗು ಶಾಲೆಗೆ ಹೋಗುತ್ತದೆ. ರಾತ್ರಿ ಕೆಲವು ಸಲ ನಮ್ಮ ಮನೆಗೆ ಬಂದು ನನ್ನ ಪಕ್ಕದಲ್ಲೇ ಕೂತು ಧಾರಾವಾಹಿ ನೋಡುತ್ತಾಳೆ. ಸೊಸೆ ಕಣ್ಣೀರು ಒರೆಸಿಕೊಂಡು ಸುಮ್ಮನಾದಾಗಲೆಲ್ಲ ಟಿವಿಯ ಕಡೆ ಕೈ ಮಾಡಿ, 'ಹೇಳೇ, ಈಗಲೇ ಹೇಳೇ' ಅಂತ ಕೂಗುತ್ತಾಳೆ. 'ಅವಳು ಹೇಳಿಬಿಟ್ಟರೆ ಧಾರಾವಾಹಿ ಮುಗಿದುಹೋಗುತ್ತೆ' ಅಂತ ಈಗ ನಾನು ಅನ್ನುವುದಿಲ್ಲ. ಮುಗಿಯಲಿ ಬಿಡಿ.