ಸಾಲ ತೀರಿಸಲು ಕಡಲು ದಾಟುವ ಮಾಸ್ತರರು

(ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ತಾಲೂಕುಗಳ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ನಿನ್ನೆ ಸಂಜೆಯ ಬೈಠಕ್ಕಿನಲ್ಲಿ ಒಬ್ಬ ತರುಣ ಮಿತ್ರರು ಒಂದು ಚೀಟಿ ಕಳಿಸಿದರು. "ಬಿ.ಎ., ಬಿ.ಎಡ್. ಮುಗಿಸಿದ್ದೇನೆ. ಬ್ಯಾಂಕಿನ ಸಾಲ ಮೈಮೇಲಿದೆ. ಮಾಲ್ದೀವಿಗೆ ಹೋಗಿ ಇಂಗ್ಲಿಷ ಕಲಿಸಿದರೆ ಮೂರು-ನಾಲ್ಕು ವರ್ಷಗಳಲ್ಲಿ ಸಾಲ ಹರಿಯುತ್ತದೆ ಎನ್ನುತ್ತಾರೆ. ಲೋಹಿಯಾರ ಹೆಸರು ಹೇಳುವ ನಾವು ಇಂಗ್ಲಿಷ ಕಲಿಸಿ ಹೊಟ್ಟೆ ಹೊರೆಯುವದು ಸರಿಯೇ?" ಎಂದು ಅದರಲ್ಲಿತ್ತು. ಹೆಸರು ಬರೆದಿರಲಿಲ್ಲ. ಇಂಥ ಚೀಟಿ ಬರೆಯಬಹುದಾದವರು ನಮ್ಮ ನಾಲ್ಕೂ ತಾಲೂಕುಗಳಲ್ಲಿ ಊರಿಗೆ ಒಬ್ಬಿಬ್ಬರಾದರೂ ಸಿಗುತ್ತಾರೆ. ಆದುದರಿಂದ ನಿನ್ನೆ ಅವಸರದಲ್ಲಿ ಉತ್ತರ ಕೊಡದೆ ಇವತ್ತಿಗೆ ಇಟ್ಟುಕೊಂಡೆ.

ಮೊದಲು ಅವರ ಕೊನೆಯ ಪ್ರಶ್ನೆಯನ್ನು ಮುಗಿಸಿಬಿಡೋಣ. ಲೋಹಿಯಾ ಬರ್ಲಿನ್ನಿಗೆ ಹೋಗಿ, ಜರ್ಮನ್ ಕಲಿತು, ಉಪ್ಪಿನ ಕರದ ಮೇಲೆ ಪ್ರಬಂಧ ಬರೆದು ಡಾಕ್ಟರಾದವರು. ಪರಭಾಷೆಯನ್ನು ಕಲಿಯುವದು, ಕಲಿಸುವದು ಪಾಪವೆಂದು ಅವರು ಎಂದೂ ಹೇಳಲಿಲ್ಲ. ಕೋರ್ಟು, ಕಚೇರಿ, ವಿಧಾನಸಭೆಗಳಲ್ಲಿ ಇಂಗ್ಲಿಷ ಕುಳಿತುಕೊಂಡು ಕೋಟ್ಯವಧಿ ಜನರನ್ನು ಬಾಗಿಲ ಹೊರಗೆ ನಿಲ್ಲಿಸಿದೆಯಲ್ಲ, ಅದನ್ನು ಇಳಿಸಿರಿ ಎಂದರು. ಸವಣೂರಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿ ಬಂದು ಜೀವಮಾನವೆಲ್ಲ ಇಂಗ್ಲಿಷ ಕಲಿಸಿದವರು. ಹೈದರಾಬಾದಿನ ಇಂಗ್ಲಿಷ ಸಂಸ್ಥೆಯ ನಿರ್ದೇಶಕರಾಗಿದ್ದವರು. ಅದೇ ಗೋಕಾಕರ ಸಮಿತಿಯೇ 1981ರಲ್ಲಿ ಹೈಸ್ಕೂಲಿನಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕೆಂದು ವರದಿ ಕೊಟ್ಟಿತು. ಮರುವರ್ಷ ಆ ವರದಿಗಾಗಿ ನಾಡಿಗೆ ನಾಡೇ ಬೀದಿಗಿಳಿಯಿತು. ಇಂಗ್ಲಿಷ ಕಲಿಸಿದ ಕೈ ಕನ್ನಡಕ್ಕೆ ದ್ರೋಹ ಮಾಡಲೇಬೇಕೆಂದಿಲ್ಲ. ಚೀಟಿ ಬರೆದ ಮಿತ್ರರು ಈ ಚಿಂತೆಯನ್ನು ಬಿಡಬೇಕು.

ಚಿಂತೆ ಇರಬೇಕಾದದ್ದು ಸಾಲದಲ್ಲಿ. ಸಾಲದ ಬಗ್ಗೆ ಸರ್ವಜ್ಞ ಏನು ಹೇಳಿದನೆಂಬುದನ್ನು ಹಿರೇಕೆರೂರ ತಾಲೂಕಿನವರಿಗೆ ನಾನು ಹೇಳಬೇಕಾಗಿಲ್ಲ. ನಾನು ಲೆಕ್ಕವನ್ನಷ್ಟೇ ಹೇಳುತ್ತೇನೆ. ಮೆಟ್ರಿಕ್ಕಿನ ಆಚೆ ಓದಿದವನಲ್ಲ ನಾನು. ಆದರೆ ಸಾಲಿಯಲ್ಲಿ ಬಡ್ಡಿಯ ಗಣಿತ ಕಲಿಸಿದವನು.

ಒಬ್ಬ ಹುಡುಗಿ ನಾಲ್ಕು ಲಕ್ಷ ರೂಪಾಯಿ ಸಾಲ ತೆಗೆದಳೆಂದು ಇಟ್ಟುಕೊಳ್ಳಿರಿ. ನಾಲ್ಕು ಲಕ್ಷ ಏಕೆಂದರೆ, ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ ಅಲ್ಲಿಯವರೆಗೆ ಒತ್ತೆಯಿಲ್ಲ, ಹೊರಗಿನವರ ಜಾಮೀನಿಲ್ಲ. ತಂದೆಯೋ ತಾಯಿಯೋ ಜೊತೆಗೆ ಸಹಿ ಮಾಡಿದರೆ ಸಾಕು. ಬಡ್ಡಿ ವರ್ಷಕ್ಕೆ ಶೇಕಡಾ 11. ಓದು ಎರಡು ವರ್ಷ, ಓದು ಮುಗಿದ ಮೇಲೆ ಒಂದು ವರ್ಷದ ಬಿಡುವು. ಈ ಮೂರು ವರ್ಷ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಬೆಳೆಯುತ್ತಿರುತ್ತದೆ. ಪೂರ್ತಿ ಹಣ ಮೊದಲೇ ಕೈಗೆ ಬಂತೆಂದು ಹಿಡಿದರೆ, ಸರಳಬಡ್ಡಿಯಿಂದಲೇ 1,32,000 ರೂಪಾಯಿ ಸೇರಿ ಅಸಲು 5,32,000 ಆಯಿತು. ಇದನ್ನು ಹತ್ತು ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳಿಗೆ 7,328 ರೂಪಾಯಿ ಕಂತು. ಕೊನೆಯ ಕಂತು ಕಟ್ಟುವ ಹೊತ್ತಿಗೆ ನಾಲ್ಕು ಲಕ್ಷಕ್ಕೆ ಎಂಟು ಲಕ್ಷ ಎಪ್ಪತ್ತೊಂಬತ್ತು ಸಾವಿರ ಕಟ್ಟಿದಂತಾಯಿತು.

ಈಗ ಅದೇ ಹುಡುಗಿಗೆ ಸರಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತೆನ್ನಿ. ಅತಿಥಿ ಎಂಬ ಶಬ್ದ ನೋಡಿರಿ. ಅತಿಥಿಗೆ ನಮ್ಮ ಕಡೆ ಕಾಲಿಗೆ ನೀರು ಕೊಟ್ಟು ರೊಟ್ಟಿ ಬಡಿಸುತ್ತೇವೆ. ಸರಕಾರದ ಅತಿಥಿಗೆ ತಿಂಗಳಿಗೆ 10,500 ರೂಪಾಯಿ ಇತ್ತು. 2025-26ರ ರಾಜ್ಯ ಬಜೆಟ್ಟಿನಲ್ಲಿ 2,000 ಏರಿಸಿದರು. 12,500ರಲ್ಲಿ ಕಂತು ಕಳೆದರೆ ಉಳಿದದ್ದು 5,172. ದಿನಕ್ಕೆ 172 ರೂಪಾಯಿ. ಅದರಲ್ಲೇ ಬಸ್ಸಿನ ಖರ್ಚು, ಊಟ, ತಾಯಿಯ ಔಷಧ. ಬೇಸಿಗೆಯ ರಜೆಯಲ್ಲಿ ಗೌರವಧನವಿಲ್ಲ. ಬಡ್ಡಿಗೆ ಮಾತ್ರ ರಜೆಯಿಲ್ಲ.

ಹುಡುಗಿ ಕಡಲಿನ ಕಡೆ ನೋಡುವದು ಇಲ್ಲಿಂದಲೇ. ಪರದೇಶವೆಂದರೆ ಶ್ರೀಮಂತರ ಶೋಕಿ ಎಂದು ವೇದಿಕೆಯ ಮೇಲಿಂದ ಹೇಳುವವರಿದ್ದಾರೆ. ಅಂಥವರು ನಮ್ಮದೇ ಜಿಲ್ಲೆಯ ರಾಣೆಬೆನ್ನೂರ ತಾಲೂಕಿನ ಚಳಗೇರಿಯನ್ನು ನೆನೆಯಬೇಕು. ಆ ಊರಿನ ವೈದ್ಯಕೀಯ ವಿದ್ಯಾರ್ಥಿ 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್ ಪಟ್ಟಣದಲ್ಲಿ ಶೆಲ್ ದಾಳಿಗೆ ಬಲಿಯಾದ. ಇಲ್ಲಿ ಖಾಸಗಿ ಕಾಲೇಜಿನ ಸೀಟಿಗೆ ಕೇಳುವ ಹಣವನ್ನು ಒಕ್ಕಲುಮನೆತನಗಳು ಎಲ್ಲಿಂದ ತರಬೇಕು? ಓದಲು ಹೋಗುವವರನ್ನೂ ಕಲಿಸಲು ಹೋಗುವವರನ್ನೂ ಹೊರಗೆ ದಬ್ಬುವ ಕೈ ಒಂದೇ.

ಕಲಿಸಲು ಹೋಗುವದು ಹೊಸದೇನೂ ಅಲ್ಲ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲಕ್ಕೆ ಇಥಿಯೋಪಿಯಾದ ಶಾಲೆಗಳಲ್ಲಿ ಭಾರತದ ಮಾಸ್ತರರು ತುಂಬಿದ್ದರು. ಅವರಲ್ಲಿ ಹೆಚ್ಚಿನವರು ಕೇರಳದವರು. ಮುಂದೆ ನೈಜೀರಿಯಾ, ಕೊಲ್ಲಿಯ ದೇಶಗಳು, ಭೂತಾನ, ಮಾಲ್ದೀವು. ಹೋದವರು ಮನೆಗೆ ಹಣ ಕಳಿಸಿದರು, ತಂಗಿಯರ ಮದುವೆ ಮಾಡಿದರು, ಹೋದ ದೇಶದ ಮಕ್ಕಳಿಗೆ ಅಕ್ಷರ ಕೊಟ್ಟರು. ಅದನ್ನು ಯಾರೂ ಹೀಯಾಳಿಸಬಾರದು. ಆದರೆ ಇಂದು ಹೊರಡುವವರು ಬಾಗಿಲು ಯಾವದು, ಗೋಡೆ ಯಾವದು ಎಂಬುದನ್ನು ತಿಳಿದು ಹೊರಡಬೇಕು.

ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ ಮಾಸ್ತರರಿಗೆ ಒಳ್ಳೆಯ ಪಗಾರವಿದೆ. ಆದರೆ ಅಲ್ಲಿಯ ವೀಸಾ ಏಳು ದೇಶದವರಿಗೆ ಮೀಸಲು: ಅಮೆರಿಕೆ, ಬ್ರಿಟನ್, ಕೆನಡಾ, ಐರ್ಲಂಡ್, ಆಸ್ಟ್ರೇಲಿಯಾ, ನ್ಯೂಜಿಲಂಡ್, ದಕ್ಷಿಣ ಆಫ್ರಿಕೆ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದದಿಂದ ನಮ್ಮವರಿಗೆ ಒಂದು ಕಿಂಡಿ ತೆರೆಯಿತು, ಅದೂ ಶಿಕ್ಷಕ ತರಬೇತಿಯ ಪ್ರಮಾಣಪತ್ರ ಉಳ್ಳವರಿಗೆ, ಸಹಾಯಕ ಶಿಕ್ಷಕರೆಂದು. ಚೀನಾದ ನಿಯಮವೂ ಮಾಸ್ತರ ಇಂಗ್ಲಿಷ ತಾಯ್ನುಡಿಯ ದೇಶದವನಾಗಿರಬೇಕೆಂದೇ ಕೇಳುತ್ತದೆ. ಇಂಗ್ಲಂಡು 2023ರ ಫೆಬ್ರುವರಿಯಿಂದ ಭಾರತವೂ ಸೇರಿ ಒಂಬತ್ತು ದೇಶಗಳ ಶಿಕ್ಷಕರಿಗೆ ದಾರಿ ಸುಲಭ ಮಾಡಿತು. ಆದರೆ ಗಣಿತ, ವಿಜ್ಞಾನ, ಅನ್ಯಭಾಷೆಗಳನ್ನು ಕಲಿಸುವವರಿಗೆ. ಅಂದರೆ ಗೋಕಾಕರೇ ಇಂದು ಎದ್ದು ಬಂದು ಕೊರಿಯಾದಲ್ಲಿ ಅರ್ಜಿ ಹಾಕಿದರೆ, ಮೊದಲು ಅವರ ಪಾಸಪೋರ್ಟಿನ ಬಣ್ಣ ನೋಡಿ ಸಹಾಯಕನ ಕುರ್ಚಿ ತೋರಿಸುತ್ತಾರೆ! ಇಂಗ್ಲಿಷ ಬಂದರೆ ಜಗತ್ತೇ ನಮ್ಮದು ಎಂದು ನಮ್ಮ ಊರ ಗೋಡೆಗಳ ಮೇಲೆ ಜಾಹೀರಾತು ಬರೆಸುವವರು ಇದನ್ನು ಬರೆಸುವದಿಲ್ಲ. ಜಗತ್ತಿನ ಸಂತೆಯಲ್ಲಿ ಭಾಷೆಗಿಂತ ಹುಟ್ಟಿದ ನೆಲಕ್ಕೆ ಬೆಲೆ ಕಟ್ಟುತ್ತಾರೆ. ಜಾತಿಯ ವಿಷಯದಲ್ಲಿ ನಾವು ಕಂಡದ್ದೇ ಇದು, ಸಮುದ್ರದಾಚೆಯೂ ಇದೆ.

ಉಳಿದ ಬಾಗಿಲುಗಳಲ್ಲಿ ದಲ್ಲಾಳಿ ನಿಂತಿರುತ್ತಾನೆ. ತಾಯಂದಿರು ಇದನ್ನು ಚೆನ್ನಾಗಿ ಕೇಳಿಕೊಳ್ಳಬೇಕು. ಪರದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜಂಟನು 1983ರ ವಲಸೆ ಕಾಯಿದೆಯ ಪ್ರಕಾರ ಕೇಂದ್ರ ಸರಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಅವನ ಹೆಸರು ಇ-ಮೈಗ್ರೇಟ್ ಎಂಬ ಸರಕಾರಿ ತಾಣದಲ್ಲಿ ಸಿಗಬೇಕು. ಅವನು ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿ.ಎಸ್.ಟಿ.; ಅದಕ್ಕೂ ರಸೀದಿ ಕೊಡಬೇಕು. ಲಕ್ಷ ಎರಡು ಲಕ್ಷ ಕೇಳುವವನು, "ರಸೀದಿ ಯಾಕ್ರೀ ಯಜಮಾನ್ರ, ನಂಬಿಕಿ ಇಲ್ಲೇನು?" ಎನ್ನುವವನು ಕಳ್ಳ. ಪ್ರವಾಸಿ ವೀಸಾದ ಮೇಲೆ ಹೋಗು, ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಸೋಣ ಎನ್ನುವವನು ಅವನ ಅಣ್ಣ. ಥಾಯ್ಲಂಡಿನಲ್ಲಿ ಕೆಲಸವೆಂದು ನಂಬಿ ಹೋದ ನಮ್ಮ ದೇಶದ ತರುಣರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದರು. 2025ರ ಮಾರ್ಚಿನಲ್ಲಿ ಐದು ನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುದಳದ ವಿಮಾನಗಳಲ್ಲಿ ಬಿಡಿಸಿಕೊಂಡು ತರಬೇಕಾಯಿತು. ಸಾಲದಲ್ಲಿದ್ದವನಿಗೆ ಒಪ್ಪಂದದ ಕಾಗದವನ್ನು ಎರಡು ಸಲ ಓದುವ ತಾಳ್ಮೆ ಇರುವದಿಲ್ಲ ಎಂಬುದು ಇಂಥವರಿಗೆ ಗೊತ್ತು.

ಇನ್ನು ಪರದೇಶದಲ್ಲೇ ಓದಿ ಅಲ್ಲೇ ಕಲಿಸುವ ಆಸೆಯವರ ಮಾತು. ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕು ಒತ್ತೆ ಕೇಳುತ್ತದೆ. ನಮ್ಮ ರೈತ ಹೊಲದ ಉತಾರ ಹಿಡಿದು ಹೋಗುತ್ತಾನೆ. ಸಾಲ ಮುರಿದರೆ ಕೃಷಿ ಭೂಮಿಯನ್ನು ಸರ್ಫೇಸಿ ಕಾಯಿದೆಯಡಿ ವಶಪಡಿಸಿಕೊಳ್ಳಲು ಬರುವದಿಲ್ಲ. ಆದುದರಿಂದ ಬ್ಯಾಂಕಿಗೆ ಅದು ರುಚಿಸುವದಿಲ್ಲ. (ಆ ಕಾಯಿದೆಯಲ್ಲಿ ರೈತನಿಗೆ ಉಳಿದ ಒಂದೇ ರಕ್ಷಣೆ ಇದು, ಅದನ್ನು ತೆಗೆಯಿರಿ ಎಂದು ನಾವು ಎಂದೂ ಕೇಳಬಾರದು.) ಮನೆಯನ್ನು ಒತ್ತೆ ಇಡೋಣವೆಂದರೆ ಊರೊಳಗಿನ ಮನೆಗೆ ಇ-ಸ್ವತ್ತು ನಮೂನೆ ಆಗಿರುವದಿಲ್ಲ. ಕೊನೆಗೆ ತಾಯಿಯ ಕೊರಳಿನದು ಅಡವಿಗೆ ಹೋಗುತ್ತದೆ, ಉಳಿದದ್ದು ಖಾಸಗಿ ಸಾಲದವರ ಕೈಯಿಂದ ಹೆಚ್ಚು ಬಡ್ಡಿಗೆ ಬರುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಸರಕಾರ ಪಿ.ಎಂ. ವಿದ್ಯಾಲಕ್ಷ್ಮಿ ಎಂದು ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒತ್ತೆಯಿಲ್ಲದ ಸಾಲ, ವರ್ಷಕ್ಕೆ ಎಂಟು ಲಕ್ಷದವರೆಗೆ ಆದಾಯವಿದ್ದ ಮನೆಗೆ ಹತ್ತು ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇಕಡಾ 3ರ ರಿಯಾಯತಿ. ಒಳ್ಳೆಯದೇ. ಆದರೆ ಅದು ಆಯ್ದ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ. ಹೆಸರಾಂತ ಕಾಲೇಜಿಗೆ ಹೋದವನಿಗೆ ಅಗ್ಗದ ಸಾಲ, ಊರ ಹತ್ತಿರದ ಸಾದಾ ಕಾಲೇಜಿಗೆ ಹೋದವನಿಗೆ ತುಟ್ಟಿಯ ಸಾಲ. ಉಳ್ಳವನಿಗೇ ಉಣಬಡಿಸುವ ಪದ್ಧತಿ.

ಈಗ ಊರ ಸಾಲಿಯ ಕಡೆ ತಿರುಗೋಣ. ಸರಕಾರಿ ಶಾಲೆಗಳಲ್ಲಿ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ ಕಲಿಸಬೇಕೆಂದು 2007ರಲ್ಲಿ ಆಯಿತು. 2019ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ ಮಾಧ್ಯಮದ ವರ್ಗಗಳನ್ನೇ ತೆರೆದರು. ಮಾಧ್ಯಮದ ಪ್ರಶ್ನೆಯಲ್ಲಿ ನಮ್ಮ ಪಕ್ಷದ ನಿಲುವು ನಿಮಗೆ ಗೊತ್ತಿದೆ, ಅದನ್ನು ಇವತ್ತು ಬಿಡುತ್ತೇನೆ. ಕಲಿಸುತ್ತೇವೆಂದು ಹೇಳಿದ ಮೇಲೆ ಕಲಿಸುವವನು ಬೇಕಲ್ಲ! ಕಲಿಸಬಲ್ಲವಳು ಮಾಲ್ದೀವಿನ ನಡುಗಡ್ಡೆಯಲ್ಲಿ ಆ ಊರ ಮಕ್ಕಳಿಗೆ ವ್ಯಾಕರಣ ಹೇಳಿಕೊಡುತ್ತಿದ್ದಾಳೆ. ಅವಳದೇ ಊರಿನ ಸಾಲಿಯಲ್ಲಿ ಇಂಗ್ಲಿಷ ತಾಸಿಗೆ ಸಮಾಜ ವಿಷಯದ ಮಾಸ್ತರು ಹೋಗಿ ಗೈಡು ಓದಿಸುತ್ತಿದ್ದಾರೆ. ಶಿಶುನಾಳದ ಶರೀಫ ಸಾಹೇಬರೂ ಒಂದು ಕಾಲಕ್ಕೆ ಸಾಲಿಯ ಮಾಸ್ತರಿಕೆ ಬಿಟ್ಟು ಹೋದರೆಂದು ಹೇಳುತ್ತಾರೆ. ಅವರನ್ನು ಕರೆದೊಯ್ದ ಗುರು ಬೇರೆ. ನಮ್ಮ ಹುಡುಗ-ಹುಡುಗಿಯರನ್ನು ಕರೆದೊಯ್ಯುತ್ತಿರುವದು ತಿಂಗಳ ಕಂತು.

ಇದಕ್ಕೆ ಮದ್ದಿಲ್ಲವೇ? ಇತ್ತು. ಈ ದೇಶದಲ್ಲೇ ಇತ್ತು. 1963-64ರಲ್ಲಿ ಭಾರತ ಸರಕಾರ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನವೆಂಬ ಯೋಜನೆ ತಂದಿತು. ಬುದ್ಧಿವಂತ ಬಡ ವಿದ್ಯಾರ್ಥಿಗೆ ಬಡ್ಡಿಯಿಲ್ಲದ ಸಾಲ. ಕೆಲಸ ಸಿಕ್ಕ ಮೇಲೆ ಸುಲಭ ಕಂತುಗಳಲ್ಲಿ ತೀರುವಳಿ. ಅದರಲ್ಲಿ ಒಂದು ಕಲಮು ಇತ್ತು. ಸಾಲ ಪಡೆದವನು ಶಿಕ್ಷಕನಾದರೆ, ಅವನು ಸೇವೆ ಮಾಡಿದ ಪ್ರತಿ ವರ್ಷಕ್ಕೆ ಸಾಲದ ಹತ್ತನೆಯ ಒಂದು ಭಾಗ ಮಾಫಿ. ಹತ್ತು ವರ್ಷ ಕಲಿಸಿದರೆ ಸಾಲವೇ ಇಲ್ಲ. ಕಡಲು ದಾಟಬೇಕಾಗಿಲ್ಲ, ತಾಯಿಯ ಕೊರಳಿಗೆ ಕೈ ಹಾಕಬೇಕಾಗಿಲ್ಲ. ಕರಿಹಲಿಗೆಯ ಮುಂದೆ ನಿಂತೇ ಸಾಲ ತೀರುತ್ತಿತ್ತು. ಆ ಯೋಜನೆಯನ್ನು ಮುಂದೆ ನಿಲ್ಲಿಸಿದರು. ಸಾಲ ಕೊಡುವ ಕೆಲಸ ಬ್ಯಾಂಕಿಗೆ ಹೋಯಿತು, ಬಡ್ಡಿ ಒಳಗೆ ಬಂತು, ಮಾಸ್ತರಿಕೆಯ ಮಾಫಿ ಹೊರಗೆ ಹೋಯಿತು. ಬಂಡವಾಳಶಾಹಿಯ ತೌರಾದ ಅಮೆರಿಕೆಯಲ್ಲಿ ಕೂಡ ಬಡವರ ಮಕ್ಕಳ ಶಾಲೆಗಳಲ್ಲಿ ಐದು ವರ್ಷ ಕಲಿಸಿದ ಶಿಕ್ಷಕರಿಗೆ ಸರಕಾರಿ ಸಾಲದಲ್ಲಿ 17,500 ಡಾಲರಿನವರೆಗೆ ಮಾಫಿ ಇದೆ, ಗಣಿತ-ವಿಜ್ಞಾನದವರಿಗೆ ಪೂರ್ತಿ, ಉಳಿದವರಲ್ಲಿ ಹೆಚ್ಚಿನವರಿಗೆ 5,000ದವರೆಗೆ.

ಹಣವೆಲ್ಲಿಂದ ಎಂದು ಕೇಳುವವರಿಗೆ ಸಂಸತ್ತಿನ ಉತ್ತರವನ್ನೇ ತೋರಿಸಿರಿ. 2014-15ರಿಂದ ಒಂಬತ್ತು ಹಣಕಾಸು ವರ್ಷಗಳಲ್ಲಿ ಬ್ಯಾಂಕುಗಳು 14.56 ಲಕ್ಷ ಕೋಟಿ ರೂಪಾಯಿ ಕೆಟ್ಟ ಸಾಲವನ್ನು ಲೆಕ್ಕದಿಂದ ತೆಗೆದುಹಾಕಿದವೆಂದು 2023ರ ಆಗಸ್ಟಿನಲ್ಲಿ ಸರಕಾರವೇ ಲೋಕಸಭೆಗೆ ಹೇಳಿತು, ಅದರಲ್ಲಿ 7.40 ಲಕ್ಷ ಕೋಟಿ ದೊಡ್ಡ ಉದ್ಯಮ-ವ್ಯವಹಾರಗಳದು. ಲೆಕ್ಕದಿಂದ ತೆಗೆಯುವದು ಮಾಫಿಯಲ್ಲ, ವಸೂಲಿ ನಡೆದೇ ಇರುತ್ತದೆ ಎಂದು ಅಧಿಕಾರಿಗಳು ಹೇಳುತ್ತಾರೆ. ಮಾತು ನಿಜ. ಹಾಗಾದರೆ ನಮ್ಮ ಮಾಸ್ತರತಿಯ ಸಾಲವನ್ನೂ ಅಷ್ಟೇ ನಯವಾಗಿ ಲೆಕ್ಕದಿಂದ ತೆಗೆದು, ಅಷ್ಟೇ ನಿಧಾನವಾಗಿ ವಸೂಲಿ ಮಾಡಲಿ! ಅವಳ ಕಂತು ಮೂರು ತಿಂಗಳು ತಪ್ಪಿದರೆ ಬ್ಯಾಂಕಿನವರು ತಂದೆಯ ಮನೆಯ ಕಟ್ಟೆಯ ಮೇಲೆ ಬಂದು ಕೂಡ್ರುತ್ತಾರೆ.

ಮಧ್ಯಾಹ್ನದ ಬೈಠಕ್ಕಿನಲ್ಲಿ ಚರ್ಚೆಗೆ ಬರುವ ಗೊತ್ತುವಳಿಯಲ್ಲಿ ಈ ಮಾತುಗಳು ಇರಬೇಕೆಂದು ನಾನು ಸೂಚಿಸುತ್ತೇನೆ. 1963ರ ಆ ಕಲಮನ್ನು ಮತ್ತೆ ತರಬೇಕು: ಸರಕಾರಿ ಶಾಲೆಯಲ್ಲಿ ಒಂದು ವರ್ಷ ಕಲಿಸಿದರೆ ಹತ್ತನೆಯ ಒಂದು ಭಾಗ ಮಾಫಿ, ಅತಿಥಿ ಶಿಕ್ಷಕರಿಗೂ ಇದು ಅನ್ವಯಿಸಬೇಕು. ಅತಿಥಿ ಶಿಕ್ಷಕರಿಗೆ ಹನ್ನೆರಡೂ ತಿಂಗಳ ಪಗಾರ ಸಿಗಬೇಕು. ಖಾಲಿ ಹುದ್ದೆಗಳನ್ನು ಕಾಯಂ ನೇಮಕದಿಂದ ತುಂಬಬೇಕು. ಖಾಯಂ ಕೆಲಸ ಸಿಗುವವರೆಗೆ ಕಂತನ್ನು ತಡೆಹಿಡಿಯಬೇಕು.

ಚೀಟಿ ಬರೆದ ಮಿತ್ರರಿಗೆ ನನ್ನ ಉತ್ತರ: ಹೋಗಬೇಕೆನ್ನಿಸಿದರೆ ಹೋಗಿರಿ, ಪಕ್ಷ ನಿಮ್ಮನ್ನು ತಡೆಯುವದಿಲ್ಲ. ಸಹಿ ಮಾಡುವ ಮೊದಲು ಒಪ್ಪಂದದ ಪ್ರತಿಯನ್ನು ನಮ್ಮ ಕಚೇರಿಗೆ ತನ್ನಿರಿ. ವಕೀಲ ಮಿತ್ರರಿಂದ ಓದಿಸೋಣ, ಏಜಂಟನ ನೋಂದಣಿ ನೋಡೋಣ. ಹೊಸದಾಗಿ ಸಾಲಕ್ಕೆ ಅರ್ಜಿ ಹಾಕುವವರು ನಾಲ್ಕು ಲಕ್ಷದೊಳಗೆ ಒತ್ತೆ ಕೇಳಿದರೆ "ಅದನ್ನು ಬರೆದು ಕೊಡ್ರಿ, ಸಾಹೇಬ್ರ" ಎನ್ನಿರಿ. ಅರ್ಜಿ ತಿರಸ್ಕರಿಸಲು ಶಾಖೆಯ ಮ್ಯಾನೇಜರನಿಗೆ ಅವನ ಮೇಲಿನ ಅಧಿಕಾರಿಯ ಒಪ್ಪಿಗೆ ಬೇಕೆಂದು ಆ ಮಾದರಿ ಯೋಜನೆಯಲ್ಲೇ ಇದೆ. ತಾಲೂಕಿಗೆ ಇಬ್ಬರಂತೆ ಎಂಟು ಜನ ಕಾರ್ಯಕರ್ತರು ಈ ಕೆಲಸಕ್ಕೆ ಹೆಸರು ಕೊಡಬೇಕು. ಹಿರೇಕೆರೂರಿನಿಂದ ಒಬ್ಬರು ಈಗಾಗಲೇ ಕೊಟ್ಟಿದ್ದಾರೆ. ಏಳು ಹೆಸರು ಬಾಕಿ.